ಸಾಲ ತೀರುವ ಮೊದಲು ಬ್ಯಾಟರಿ ತೀರಬಾರದು



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಸ್ವಸಹಾಯ ಸಂಘಗಳ ಸಭೆಗೆ ಹೋದಾಗ ಇತ್ತೀಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಸಿಸ್ಟರ್, ಮನ್ಯಾಗ ಹಳೇ ಸೈಕಲ್ ಐತಿ. ಅದಕ್ಕ ಬ್ಯಾಟರಿ, ಮೋಟಾರ್ ಹಾಕಿಸಿದ್ರ ಹೆಂಗ್ರಿ? ಸಂಘದಿಂದ ಸಾಲ ಸಿಗತೈತೇನ್ರಿ?" ಸರ್ಕಾರ 2006-07ರಿಂದ ಹಲವು ವರ್ಷ ಎಂಟನೇ ತರಗತಿ ಮಕ್ಕಳಿಗೆ ಉಚಿತವಾಗಿ ಕೊಟ್ಟ ಸೈಕಲ್‌ಗಳು ಎಷ್ಟೋ ಮನೆಗಳಲ್ಲಿ ಇನ್ನೂ ಇವೆ. ಅವು ಉಪಯೋಗಕ್ಕೆ ಬಂದರೆ ಒಳ್ಳೆಯದೇ. ಆದರೆ ಸಾಲ ತೆಗೆಯುವ ಮೊದಲು ಕೆಲವು ವಿಷಯ ತಿಳಿದುಕೊಳ್ಳೋಣ.

ಕುಷ್ಟಗಿ ಕಡೆಯ ಒಂದು ಹಳ್ಳಿಯಿಂದ ಸಂತೆಗೆ ಕಾಯಿಪಲ್ಲೆ ಒಯ್ಯುವ ತಾಯಿಯೊಬ್ಬರು ನಮಗೆ ಗೊತ್ತು. ಹೋಗಿ ಬರಲು 18 ಕಿ.ಮೀ. "ಇಪ್ಪತ್ತೈದು ಕಿ.ಮೀ. ಓಡತೈತಿ" ಎಂದು ಮಾರಿದವರು ಹೇಳಿದ್ದನ್ನು ನಂಬಿ ಸಾಲ ತೆಗೆದು ಹಾಕಿಸಿದರು. ಎಂಟು ತಿಂಗಳಲ್ಲಿ ಬ್ಯಾಟರಿ ಸೊರಗಿ, ಬರುವಾಗ ಅರ್ಧ ದಾರಿಯಲ್ಲೇ ನಿಲ್ಲತೊಡಗಿತು. ಬಿಸಿಲಲ್ಲಿ ಬುಟ್ಟಿಯ ಜೊತೆಗೆ ಬ್ಯಾಟರಿಯ ಭಾರವನ್ನೂ ತಳ್ಳಿಕೊಂಡು ಬರುವ ಪಾಡು. ಸಾಲದ ಕಂತು ಇನ್ನೂ ಏಳು ಉಳಿದಿದ್ದವು.

ಮೊದಲು ದಾರಿಯ ಲೆಕ್ಕ

ತಪ್ಪಾಗಿದ್ದು ಲೆಕ್ಕದಲ್ಲಿ. ಬ್ಯಾಟರಿ ಅಂದ್ರೆ ನೀರಿನ ಟ್ಯಾಂಕಿ ಇದ್ದ ಹಾಗೆ. ವೋಲ್ಟ್ ಅಂದರೆ ಟ್ಯಾಂಕಿಯ ಎತ್ತರ, ಎಎಚ್ (ಆಂಪಿಯರ್-ಅವರ್) ಅಂದರೆ ಅದರ ಅಗಲ. ಎರಡನ್ನೂ ಗುಣಿಸಿದರೆ ಒಳಗೆ ಎಷ್ಟು ಇದೆ ಎಂದು ತಿಳಿಯುತ್ತದೆ. ಅದನ್ನು ವ್ಯಾಟ್-ಅವರ್ ಎನ್ನುತ್ತಾರೆ. ಪೆಡಲ್ ತುಳಿಯುತ್ತಾ ಹೋದರೆ ಒಂದು ಕಿ.ಮೀ.ಗೆ ಸುಮಾರು 10 ವ್ಯಾಟ್-ಅವರ್ ಬೇಕು. ತುಳಿಯದೆ ಹೋದರೆ ಸುಮಾರು 15. ಹೇರು, ಏರು, ಎದುರುಗಾಳಿ ಇದ್ದರೆ 20 ಎಂದು ಹಿಡಿಯಿರಿ.

ಆ ತಾಯಿಯ ದಾರಿಗೆ 18ನ್ನು 20ರಿಂದ ಗುಣಿಸಿದರೆ 360 ವ್ಯಾಟ್-ಅವರ್ ಬೇಕಿತ್ತು. ಅವರಿಗೆ ಸಿಕ್ಕಿದ್ದು 36 ವೋಲ್ಟ್, 7.5 ಎಎಚ್, ಅಂದರೆ 270 ಮಾತ್ರ. ಹೊಸದರಲ್ಲಿ ತುಳಿದುಕೊಂಡು ಹೇಗೋ ಮನೆ ಮುಟ್ಟಿದರು. ಆದರೆ ದಿನಾ ತಳ ಕಾಣುವ ತನಕ ಬರಿದಾದ ಬ್ಯಾಟರಿ ಬೇಗ ಹಾಳಾಗುತ್ತದೆ. ನೂರಕ್ಕೆ 80ರಷ್ಟನ್ನೇ ಬಳಸುವಂತೆ ಲೆಕ್ಕ ಹಾಕಿದರೆ ಅವರಿಗೆ 450 ಬೇಕು. 36 ವೋಲ್ಟ್, 13 ಎಎಚ್ ಬ್ಯಾಟರಿಯಲ್ಲಿ 468 ಇರುತ್ತದೆ. ಅದು ಸರಿಯಾದ ಅಳತೆ.

ಯಾವ ಬ್ಯಾಟರಿ?

ಲೆಡ್-ಆಸಿಡ್ ಬ್ಯಾಟರಿ ಅಗ್ಗ. ಆದರೆ 12 ವೋಲ್ಟಿನ ಮೂರು ಸೇರಿಸಿದರೆ ಹತ್ತು ಕಿಲೋ ದಾಟುತ್ತದೆ, ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಆಯಸ್ಸು ಕಡಿಮೆ. ಲಿಥಿಯಂ ಹಗುರ. ಅದರಲ್ಲಿ ಎನ್‌ಎಂಸಿ, ಎಲ್‌ಎಫ್‌ಪಿ ಎಂದು ಎರಡು ಬಗೆ ಹೆಚ್ಚು ಸಿಗುತ್ತವೆ. ಎಲ್‌ಎಫ್‌ಪಿ ಸ್ವಲ್ಪ ಭಾರ, ಆದರೆ ಬಿಸಿಯನ್ನು ಹೆಚ್ಚು ತಾಳುತ್ತದೆ, ಹೆಚ್ಚು ಸಲ ಚಾರ್ಜ್ ಮಾಡಿದರೂ ಬಾಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಭಾಗಕ್ಕೆ ಇದೇ ಮೇಲು. ಎರಡರ ಮೇಲೂ "36 ವೋಲ್ಟ್" ಎಂದೇ ಬರೆದಿರಬಹುದು. ಆದರೆ ಹತ್ತು ಸೆಲ್‌ಗಳ ಸಾಲಿನ ಎನ್‌ಎಂಸಿ 42 ವೋಲ್ಟ್‌ಗೆ ತುಂಬಿದರೆ, ಹನ್ನೆರಡು ಸೆಲ್‌ಗಳ ಸಾಲಿನ ಎಲ್‌ಎಫ್‌ಪಿ 43.8ಕ್ಕೆ ತುಂಬುತ್ತದೆ. ಒಂದರ ಚಾರ್ಜರ್ ಇನ್ನೊಂದಕ್ಕೆ ಹಾಕಲೇಬೇಡಿ.

ಸೆಲ್‌ಗಳನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಇಲ್ಲದ ಲಿಥಿಯಂ ಬ್ಯಾಟರಿ ಬೇಡವೇ ಬೇಡ. ಮೋಟಾರಿನ ಕಂಟ್ರೋಲರ್ 15 ಆಂಪಿಯರ್ ಎಳೆಯುವುದಾದರೆ ಬಿಎಂಎಸ್ ಅದಕ್ಕಿಂತ ಹೆಚ್ಚು ಕೊಡುವಂತಿರಬೇಕು. ಇಲ್ಲವಾದರೆ ಏರಿನಲ್ಲಿ ತಟಕ್ಕನೆ ಬಂದ್ ಆಗುತ್ತದೆ.

ಯಾವ ಮೋಟಾರ್?

ಚಕ್ರದ ನಡುವೆಯೇ ಕೂರುವ ಹಬ್ ಮೋಟಾರ್ ನಮ್ಮ ಸೈಕಲ್‌ಗಳಿಗೆ ಸಾಕು. ಒಳಗೆ ಗೇರ್ ಇರುವ ಹಬ್ ಹಗುರ, ನಿಧಾನ ವೇಗದಲ್ಲೂ ಎಳೆಯುತ್ತದೆ. ಕರೆಂಟ್ ಮುಗಿದರೂ ತುಳಿಯುವುದು ಸುಲಭ. ಯಲಬುರ್ಗಾ, ಕುಷ್ಟಗಿಯ ಏರಿಳಿತಕ್ಕೆ ಇದು ಒಳ್ಳೆಯದು, ಆದರೂ ಏರಿನಲ್ಲಿ ಪೆಡಲ್ ತುಳಿದು ಸಹಾಯ ಮಾಡಬೇಕು. ಗೇರ್ ಇಲ್ಲದ ಹಬ್‌ನಲ್ಲಿ ಸವೆಯುವ ಭಾಗ ಕಡಿಮೆ, ಸದ್ದಿಲ್ಲ. ಆದರೆ ಅದು ಭಾರ, ಬರೀ ತುಳಿಯುವಾಗ ಜಗ್ಗುತ್ತದೆ. ಗಂಗಾವತಿಯ ಗದ್ದೆ ಬಯಲಿನ ಸಮತಟ್ಟು ರಸ್ತೆಗೆ ಅದೂ ನಡೆದೀತು.

ಮೋಟಾರ್ ಹಾಕುವ ಮೊದಲು ಫ್ರೇಮ್, ಫೋರ್ಕ್ ತುಕ್ಕು ಹಿಡಿದಿಲ್ಲವೇ, ಬೆಸುಗೆ ಬಿಟ್ಟಿಲ್ಲವೇ ಎಂದು ಸೈಕಲ್ ಅಂಗಡಿಯವರಿಗೆ ತೋರಿಸಿ. ಕಿಟ್ ನಿಮ್ಮ ಚಕ್ರದ ಅಳತೆಯದೇ ಇರಲಿ. ಬ್ರೇಕ್ ಹಿಡಿದ ಕೂಡಲೇ ಮೋಟಾರ್ ನಿಲ್ಲಿಸುವ ಸ್ವಿಚ್ ಇರಲಿ.

ಕಾನೂನಿನ ಮಾತು

ಮೋಟಾರಿನ ಅರ್ಧ ಗಂಟೆಯ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಕೇಂದ್ರ ಮೋಟಾರು ವಾಹನ ನಿಯಮದ ಉಳಿದ ಷರತ್ತುಗಳನ್ನೂ ಪಾಲಿಸುವ ಸೈಕಲ್‌ಗೆ ಲೈಸೆನ್ಸ್, ನೋಂದಣಿ ಬೇಡ. "ಸಾವಿರ ವ್ಯಾಟ್ ಹಾಕ್ಸ್ರಿ, ಹಾರತೈತಿ" ಎನ್ನುವವರ ಮಾತು ಕೇಳಬೇಡಿ. ಅದು ನಿಯಮ ಮೀರುತ್ತದೆ, ಸೈಕಲ್ಲಿನ ಬ್ರೇಕ್ ಆ ವೇಗ ತಡೆಯುವುದಿಲ್ಲ. ಪೆಟ್ರೋಲ್ ಬೈಕನ್ನು ಬದಲಿಸುವುದಾದರೆ ಮಾನ್ಯತೆ ಪಡೆದ ಕಿಟ್ಟೇ ಬೇಕು, ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ತಿದ್ದಿಸಬೇಕು, ವಿಮಾ ಕಂಪನಿಗೂ ತಿಳಿಸಬೇಕು.

ಚಾರ್ಜ್ ಮಾಡುವಾಗ

ಬಿಸಿಲಿನಿಂದ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಆರಲು ಬಿಡಿ. ತಗಡಿನ ಶೆಡ್ಡಿನ ಕಾವಿನಲ್ಲಿ ಇಡಬೇಡಿ. ಬಾಗಿಲ ಹತ್ತಿರ, ಹಾಸಿಗೆಯ ಪಕ್ಕ, ಎಲ್ಲರೂ ಮಲಗಿದ ಮೇಲೆ ಚಾರ್ಜ್ ಮಾಡಬೇಡಿ. ಉಬ್ಬಿದ, ಬಿದ್ದು ನಜ್ಜಾದ, ನೀರು ಹೊಕ್ಕ ಬ್ಯಾಟರಿಯನ್ನು ಬಳಸಲೇಬಾರದು. ಹೊಗೆ ಬಂದರೆ ಮೊದಲು ಮಕ್ಕಳನ್ನೂ ಹಿರಿಯರನ್ನೂ ಹೊರಗೆ ಕರೆತಂದು 112ಕ್ಕೆ ಫೋನ್ ಮಾಡಿ.

ನಮ್ಮ ವಿನಂತಿ ಇಷ್ಟೇ. ಸಾಲದ ಅರ್ಜಿಯ ಜೊತೆ ಮೂರು ವಿಷಯ ಬರೆದು ತನ್ನಿ: ದಿನಕ್ಕೆ ಎಷ್ಟು ಕಿ.ಮೀ., ಎಷ್ಟು ಹೇರು, ಬ್ಯಾಟರಿ ಎಷ್ಟು ವ್ಯಾಟ್-ಅವರ್. ವಾರಂಟಿಯನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಬಾಯಿಮಾತಿನ ವಾರಂಟಿ ಲೆಕ್ಕಕ್ಕಿಲ್ಲ. ಆ ವಾರಂಟಿ ಸಾಲದ ಕೊನೆಯ ಕಂತಿಗಿಂತ ಮೊದಲೇ ಮುಗಿಯುವುದಾದರೆ ಸಾಲ ಪಾಸು ಮಾಡುವ ಮೊದಲು ಸಂಘದಲ್ಲಿ ಇನ್ನೊಮ್ಮೆ ಕೂತು ಮಾತಾಡಿ. ಓದು ಬಾರದ ಸದಸ್ಯರಿಗೆ ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿರಿ.