ಹಂಪೆಯ ಸೀಮೆಯಲ್ಲಿ ರಂಗಪೋಷಣೆ

‘ಉಂಬಳಿ’ ಎಂಬುದು ಕನ್ನಡದ ಹಳೆಯ ಮಾತು. ಅರಸರಾಗಲಿ ಊರವರಾಗಲಿ ಒಬ್ಬನ ಸೇವೆಗೆ ಪ್ರತಿಯಾಗಿ ಕಂದಾಯವಿಲ್ಲದೆ ಅನುಭವಿಸಲು ಬಿಟ್ಟುಕೊಟ್ಟ ಭೂಮಿಗೆ ಈ ಹೆಸರು. ಶಬ್ದದ ಗರ್ಭದಲ್ಲಿ ‘ಉಣ್’ ಎಂಬ ಧಾತು ಅಡಗಿದೆ. ಹೊಗಳಿಕೆಯ ಅರ್ಥವೇನೂ ಅದರಲ್ಲಿಲ್ಲ, ಊಟದ ಅರ್ಥವಿದೆ. ಶಾಲು ಹೊದಿಸಿ ಮಾಡುವ ಸಂಮಾನವು ಒಂದು ಸಂಜೆಯದು, ಉಂಬಳಿಯಾದರೋ ಮುನ್ನೂರ ಅರವತ್ತೈದು ದಿನಗಳದು. ನಾಟಕ ಮತ್ತು ನಟವರ್ಗದ ನೆರವಿಗಾಗಿ ಏರ್ಪಡುವ ಧರ್ಮದತ್ತಿಗಳನ್ನು ಕುರಿತು ವಿಚಾರಿಸುವಾಗ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅವಶ್ಯಕ.

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಈ ಸೀಮೆಗೆ ರಂಗಕಲೆ ಹೊಸತಲ್ಲ. ಶ್ರೀಕೃಷ್ಣದೇವರಾಯನು ಸಂಸ್ಕೃತದಲ್ಲಿ ರಚಿಸಿದ ‘ಜಾಂಬವತೀ ಕಲ್ಯಾಣ’ ನಾಟಕವು ಹಂಪೆಯ ವಿರೂಪಾಕ್ಷದೇವರ ಚೈತ್ರೋತ್ಸವಕ್ಕೆ ನೆರೆದ ಜನರ ಮುಂದೆ ಪ್ರಯೋಗಗೊಂಡಿತೆಂಬುದು ಪ್ರಸಿದ್ಧವಾದ ಸಂಗತಿ. ಅರಮನೆಯ ಆಶ್ರಯ, ದೇವಾಲಯದ ಉತ್ಸವ, ಯಾತ್ರಿಕರ ಸಮೂಹ ಇವು ಮೂರೂ ಅಲ್ಲಿ ಒಂದೆಡೆ ಕೂಡಿದ್ದವು. 1565ರ ಯುದ್ಧದ ತರುವಾಯ ರಾಜಧಾನಿ ಹಾಳಾಯಿತು. ಅರಮನೆಯಿಲ್ಲದ ಸೀಮೆಯಲ್ಲಿ ಆಟದ ಭಾರವನ್ನು ಹೊತ್ತವರು ಹಳ್ಳಿಯ ಒಕ್ಕಲುಮಕ್ಕಳು. ಕಂಪ್ಲಿಯ ಹೆಸರಿನೊಡನೆ ಹೊಂದಿಕೊಂಡ ಕುಮಾರರಾಮನ ಕಥೆಯೂ ಪುರಾಣದ ಪ್ರಸಂಗಗಳೂ ಸುಗ್ಗಿ ಮುಗಿದ ಬಯಲಿನಲ್ಲಿ ದೊಡ್ಡಾಟಗಳಾಗಿ ಬೆಳಗಿನವರೆಗೆ ನಡೆದುಬಂದವು.

ಈ ಗ್ರಾಮಪದ್ಧತಿಯ ಒಳಗನ್ನು ನೋಡಬೇಕು. ಊರಿನ ತರುಣರು ಆಟವೊಂದನ್ನು ಗೊತ್ತುಮಾಡಿ, ಮನೆಮನೆಯಿಂದ ಪಟ್ಟಿ ಎತ್ತುತ್ತಾರೆ. ಪಾತ್ರ ವಹಿಸಿದವರೂ ತಮ್ಮ ಪಾಲು ಹಾಕುತ್ತಾರೆ. ಹಾರ್ಮೋನಿಯಂ ಬಲ್ಲ ಮಾಸ್ತರರೊಬ್ಬರು ಬಂದು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’, ‘ಕುರುಕ್ಷೇತ್ರ’ಗಳು ಕಂಪನಿಯ ರಂಗದಿಂದ ಇಳಿದು ಹಳ್ಳಿಗಳಲ್ಲಿ ನೆಲೆನಿಂತದ್ದು ಇದೇ ಕ್ರಮದಿಂದ. ಡ್ರಾಮಾ ಸೀನ್ಸು ಬಾಡಿಗೆಗೆ ಬರುತ್ತದೆ. ಸ್ತ್ರೀಪಾತ್ರಗಳಿಗಾಗಿ ವೃತ್ತಿಕಲಾವಿದೆಯರಿಗೆ ಮುಂಗಡವಾಗಿ ವೀಳ್ಯ ಸಲ್ಲುತ್ತದೆ. ಭೀಮನ ಪಾತ್ರಧಾರಿಯು ಮರುದಿನ ತನ್ನ ಹೊಲಕ್ಕೆ ಹೋಗುವನು. ದ್ರೌಪದಿಯಾಗಿ ನಿಂತ ಹೆಣ್ಣುಮಗಳಿಗೆ ಹೊಲವಿಲ್ಲ. ಇನ್ನೊಂದು ಊರಿನ ವೀಳ್ಯವೇ ಅವಳ ಬೆಳೆ. ಊರಿನ ಔದಾರ್ಯವು ಆಟವನ್ನು ನಿಲ್ಲಿಸಿತು ನಿಜ, ಆದರೆ ಆಡುವವಳ ಮಳೆಗಾಲ ಅದರ ಲೆಕ್ಕದೊಳಗೆ ಎಂದೂ ಬರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಈ ಸೀಮೆಯೆಲ್ಲಕ್ಕೂ ಹತ್ತಿರದ ಪಟ್ಟಣವಾದ ಬಳ್ಳಾರಿಯಲ್ಲಿ, ವಿದ್ಯಾವಂತರ ನಾಟಕಸಭೆಗಳು ಹುಟ್ಟಿದವು. ಧರ್ಮವರಂ ಕೃಷ್ಣಮಾಚಾರ್ಯರ ಸರಸವಿನೋದಿನೀ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ ಇವೆರಡೂ ಹೆಸರಾದವು. ಹಂಪೆಯ ಪತನವನ್ನೇ ವಸ್ತುವಾಗಿಸಿಕೊಂಡು ಕೋಲಾಚಲಂ ಅವರು ತೆಲುಗಿನಲ್ಲಿ ಬರೆದ ನಾಟಕದಲ್ಲಿ ಪಠಾಣ ರುಸ್ತುಮನ ಪಾತ್ರವನ್ನು ಮೆರೆಸಿದವರು ಬಳ್ಳಾರಿ ರಾಘವರು (1880–1946). ರಾಘವರು ವಕೀಲಿಯಿಂದ ಸಂಪಾದಿಸಿದವರು, ರಂಗದಿಂದ ಸಂಪಾದಿಸಿದವರಲ್ಲ. ನಾಟಕದ ಆದಾಯವನ್ನು ಧರ್ಮಕಾರ್ಯಗಳಿಗೆ ಸಲ್ಲಿಸಿದರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ಹಟಹಿಡಿದು, ಗೌರವಸ್ಥ ಮನೆತನದ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದರು. ಅವರ ಸ್ಮರಣೆಗಾಗಿ ಬಳ್ಳಾರಿಯಲ್ಲಿ ರಾಘವ ಮೆಮೋರಿಯಲ್ ಅಸೋಸಿಯೇಷನ್ನೂ ರಾಘವ ಕಲಾಮಂದಿರವೂ ಉಂಟಾದವು. ಆ ಸಂಸ್ಥೆಯ ಹೆಸರಿನ ಪ್ರಶಸ್ತಿಯೂ ನಡೆದುಬಂದಿದೆ. ಆದರೆ ಹವ್ಯಾಸಿಗಳಿಂದ ಹವ್ಯಾಸಿಗಳಿಗಾಗಿ ಕಟ್ಟಿದ ಸಭೆಗಳು ನಾಟಕವನ್ನು ಪೋಷಿಸುವಷ್ಟು ಸಹಜವಾಗಿ ವೃತ್ತಿನಟರ ಒಲೆಯನ್ನು ನೋಡಿಕೊಳ್ಳಲಾರವು. ಅದು ಆ ಸಭೆಗಳ ಕೊರತೆಯೆನ್ನುವುದಕ್ಕಿಂತ ಅವುಗಳ ಉದ್ದೇಶದ ಮಿತಿಯೆಂದರೆ ಸರಿಹೋಗುತ್ತದೆ.

ಇದಕ್ಕೆ ತಿರುಗಾಮುರುಗಾದ ಉದಾಹರಣೆಯೊಂದು ನೆರೆಯ ಗದುಗಿನಲ್ಲಿದೆ. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಗೆ ಪಾತ್ರರಾದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಮತ್ತು ಅನಾಥ ಮಕ್ಕಳಿಗೆ ಸಂಗೀತವಿದ್ಯೆಯನ್ನೂ ಅನ್ನವನ್ನೂ ನೀಡುವ ಆಶ್ರಮ ನಡೆಸಿದರು. ಅದರ ಖರ್ಚಿಗೆ ಆಧಾರವಾಗಿ ನಿಂತದ್ದು ಅವರ ನಾಟಕ ಕಂಪನಿ. ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಅದಕ್ಕಾಗಿ ನಾಟಕಗಳನ್ನು ಬರೆದರು, ಸ್ವತಃ ಪಾತ್ರ ವಹಿಸಿದರು. ಇಲ್ಲಿ ದತ್ತಿಯು ನಾಟಕವನ್ನು ಸಾಕಲಿಲ್ಲ, ನಾಟಕವೇ ದತ್ತಿಯನ್ನು ಸಾಕಿತು. ಕಲಾವಿದನು ಅಲ್ಲಿ ಬೇಡುವವನಾಗದೆ ನೀಡುವವನಾದನೆಂಬುದು ಗಮನಾರ್ಹ.

ಹೊಸಪೇಟೆಗೆ ಸಮೀಪದ ಮರಿಯಮ್ಮನಹಳ್ಳಿಯು ವೃತ್ತಿಕಲಾವಿದೆಯರ ಊರೆಂದು ಖ್ಯಾತಿವೆತ್ತಿದೆ. ಪದ್ಮಶ್ರೀ ಮಂಜಮ್ಮ ಜೋಗತಿಯವರ ವಾಸವೂ ಅಲ್ಲಿಯೇ. ಮನೆಯವರಿಂದ ದೂರವಾಗಿ ಭಿಕ್ಷೆಯಿಂದ ಜೀವಿಸಿದ ಕಾಲವೊಂದು ಅವರ ಬಾಳಿನಲ್ಲಿತ್ತು. ಅವರನ್ನು ತಮ್ಮ ಮೇಳಕ್ಕೆ ಸೇರಿಸಿಕೊಂಡು ಕುಣಿತ ಕಲಿಸಿದವರು ಕಾಳವ್ವ ಜೋಗತಿ. ಯಾವ ಟ್ರಸ್ಟಿನ ರಿಜಿಸ್ಟರಿನಲ್ಲಿಯೂ ಕಾಣದ ಪೋಷಣೆಯಿದು. 2019ರಲ್ಲಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಗೌರವ ಪಡೆದರು. ಆ ನಡುವೆ 2020ರ ಮಾರ್ಚ್ ತಿಂಗಳ ಕೊನೆಗೆ ದೇಶವೆಲ್ಲ ಲಾಕ್‌ಡೌನ್ ಆಯಿತು. ಜಾತ್ರೆ, ರಥೋತ್ಸವ, ನಾಟಕಗಳ ಹಂಗಾಮು ಅದೇ. ಮರುವರ್ಷವೂ ಅದೇ ತಿಂಗಳುಗಳಲ್ಲಿ ರೋಗ ಮರುಕಳಿಸಿತು. ವರ್ಷದ ಗಳಿಕೆಯೆಲ್ಲ ನಾಲ್ಕಾರು ತಿಂಗಳುಗಳಲ್ಲಿ ಆಗಬೇಕಾದ ವೃತ್ತಿಗೆ ಎರಡು ಸುಗ್ಗಿಗಳು ಬೆನ್ನುಬೆನ್ನಿಗೆ ತಪ್ಪಿದವು. ‘ಹೇಮರೆಡ್ಡಿ ಮಲ್ಲಮ್ಮ’ನ ಪಾತ್ರದಿಂದ ಮನೆಮಾತಾಗಿದ್ದ ಸುಭದ್ರಮ್ಮ ಮನ್ಸೂರರು ಬಳ್ಳಾರಿಯಲ್ಲಿ ತೀರಿಕೊಂಡದ್ದೂ ಆ 2020ರ ಜುಲೈ ತಿಂಗಳಿನಲ್ಲಿಯೇ.

ಪೋಷಣೆಯ ಪ್ರಯತ್ನಗಳೇ ಇಲ್ಲವೆನ್ನುವಂತಿಲ್ಲ. ಸಚಿವರಾಗಿದ್ದ ಎಂ. ಪಿ. ಪ್ರಕಾಶರು (1940–2011) ಹೂವಿನ ಹಡಗಲಿಯಲ್ಲಿ ರಂಗಭಾರತಿಯನ್ನು ಕಟ್ಟಿ ಬೆಳೆಸಿದರು. ಹಂಪೆಯ ಉತ್ಸವಕ್ಕೂ ಅವರೇ ಪ್ರೇರಕರು. ಅವರ ಹೆಸರಿನ ಸಮಾಜಮುಖಿ ಟ್ರಸ್ಟು ರಂಗಭಾರತಿಯೊಡನೆ ಸೇರಿ ರಂಗೋತ್ಸವಗಳನ್ನು ನಡೆಸಿದೆ. ಸಂಡೂರಿನಲ್ಲಿ 1980ರ ದಶಕದಲ್ಲಿ ಆರಂಭವಾದ ಕುಶಲ ಕಲಾ ಕೇಂದ್ರವು ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಮಾರುಕಟ್ಟೆ ಒದಗಿಸಿ ಕೈತುಂಬ ಕೆಲಸ ಕೊಟ್ಟಿತು. ಹೊಲಿದ ಬಟ್ಟೆಯನ್ನು ಮಡಿಸಿಟ್ಟು ಮುಂದಿನ ತಿಂಗಳು ಮಾರಬಹುದು. ಆಡದ ಆಟವನ್ನು ಮಡಿಸಿಡಲಾಗದು. ಆದುದರಿಂದ ರಂಗದತ್ತಿಯ ಸ್ವರೂಪವು ಬೇರೆಯಾಗಿರಬೇಕಾಗುತ್ತದೆ.

ಧರ್ಮದತ್ತಿಯ ನಡಾವಳಿ ಸರಳ. ದಾನಿಗಳು ಕೂಡಿಸಿದ ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯನ್ನು ಮಾತ್ರ ವೆಚ್ಚ ಮಾಡುವುದು ಕ್ರಮ. ಹತ್ತು ಲಕ್ಷ ರೂಪಾಯಿಗಳ ಇಡುಗಂಟಿಗೆ ನೂರಕ್ಕೆ 7ರಂತೆ ಬಡ್ಡಿ ಬಂದರೆ ವರ್ಷಕ್ಕೆ 70,000. ಅಂದರೆ ತಿಂಗಳಿಗೆ 6,000ಕ್ಕೂ ಕಡಿಮೆ. ಇಬ್ಬರು ವೃದ್ಧ ಕಲಾವಿದರಿಗೆ ಹಂಚಿದರೆ ತಲೆಗೆ 3,000ವೂ ತುಂಬದು. ಇಷ್ಟು ಮೊತ್ತವನ್ನು ಒಂದೇ ರಾತ್ರಿಯ ದೀಪಾಲಂಕಾರ, ಧ್ವನಿವರ್ಧಕ, ಹಾರತುರಾಯಿಗಳಿಗೆ ಸುರಿಯುವುದು ಸುಲಭ. ಫೋಟೋ ಕೂಡ ಚೆನ್ನಾಗಿ ಬರುತ್ತದೆ. ಸಣ್ಣ ಟ್ರಸ್ಟುಗಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಹಣವಿಲ್ಲದೆಯೂ ಆಗಬಹುದಾದ ಉಪಕಾರವೊಂದುಂಟು. 58 ವರ್ಷ ಮೀರಿದ ಬಡ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಮಾಸಾಶನ ದೊರೆಯುತ್ತದೆ. ಅರ್ಜಿಯೊಡನೆ ಕಲಾಸೇವೆಗೆ ದಾಖಲೆ ಒದಗಿಸಬೇಕು. ಊರೂರಿನ ಜಾತ್ರೆಗಳಲ್ಲಿ ಬಣ್ಣ ಹಚ್ಚಿದವಳ ಬಳಿ ನೇಮಕದ ಪತ್ರ ಎಲ್ಲಿಯದು? ಆಕೆಯ ಹೆಸರು ಅಚ್ಚಾಗಿರುವುದು ನಾಟಕದ ಕರಪತ್ರದಲ್ಲಿ. ಅದೂ ಆಟದ ಮರುದಿನ ಗಾಳಿಗೆ ಹಾರಿಹೋಗಿರುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆಯ ಕಚೇರಿ ಒಂದು, ಸಂಡೂರು ಕಂಪ್ಲಿಗಳಿಗೆ ಬಳ್ಳಾರಿಯ ಕಚೇರಿ ಇನ್ನೊಂದು. ಕಲಾವಿದೆ ಆಡಿದ ಊರುಗಳಾದರೋ ಎರಡೂ ಕಡೆ ಇವೆ. ಹಳ್ಳಿಹಳ್ಳಿಯ ನಾಟಕ ಸಂಘಗಳಿಂದ ಹಳೆಯ ಕರಪತ್ರ, ಭಾವಚಿತ್ರಗಳನ್ನು ಕೂಡಿಸಿ, ಕಲಾವಿದರ ಹೆಸರಿನಂತೆ ಕಡತ ಮಾಡಿ, ಅಕ್ಷರ ಬಾರದವರ ಅರ್ಜಿಯನ್ನು ತುಂಬಿಕೊಡಲು ವಾರಕ್ಕೊಂದು ದಿನ ಕುಳಿತುಕೊಳ್ಳುವ ಒಬ್ಬ ಗುಮಾಸ್ತ, ಒಂದು ಮೇಜು, ಒಂದು ಬೀರು ಇದ್ದರೆ ಆ ಕೆಲಸ ನಡೆಯುತ್ತದೆ.