ಕೊರೋನಾ ಕಾಲದಲ್ಲಿ ರಾಜ್ಯ ಸರ್ಕಾರದ ಕ್ರಮಗಳು ಮತ್ತು ರೈತರ ಬೆಳೆ ದಾಖಲೆ

ರೋಗ ಬಂದ ದನವನ್ನು ಕೊಟ್ಟಿಗೆಯಿಂದ ಬೇರೆ ಕಟ್ಟಬೇಕೆಂಬುದು ರೈತರಿಗೆ ಹೊಸ ಮಾತಲ್ಲ. ಕಾಲುಬಾಯಿ ಜ್ವರ ಕಾಣಿಸಿಕೊಂಡಾಗ ದನಗಳ ಜಾತ್ರೆ, ಸಂತೆ ನಿಲ್ಲಿಸುವುದೂ ಇದೇ ಕಾರಣಕ್ಕೆ. ಹಿಂದೆ ಪ್ಲೇಗು ಬಂದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಜೋಪಡಿ ಹಾಕಿಕೊಂಡು ವಾಸ ಮಾಡಿದ ಸಂಗತಿಯನ್ನು ಹಿರಿಯರು ಹೇಳುತ್ತಿದ್ದುದುಂಟು. ಸೋಂಕು ಒಬ್ಬರಿಂದ ಒಬ್ಬರಿಗೆ ಹರಡುವ ದಾರಿಯನ್ನು ಕಡಿಯುವುದೇ ಇವೆಲ್ಲದರ ಉದ್ದೇಶ. 2020ರಲ್ಲಿ ಕೊರೋನಾ ರೋಗ ಬಂದಾಗಲೂ ಸರ್ಕಾರಗಳು ಹಿಡಿದದ್ದು ಇದೇ ದಾರಿಯನ್ನು.

ಆದರೆ ಜನರ ಓಡಾಟ ನಿಂತರೆ ಸೋಂಕಿನ ಜೊತೆಗೆ ಸಂತೆಯೂ ನಿಲ್ಲುತ್ತದೆ. ಗಿಡದಲ್ಲಿ ಅರಳುವ ಹೂವು, ಬಳ್ಳಿಯಲ್ಲಿ ಹಣ್ಣಾಗುವ ದ್ರಾಕ್ಷಿ ಯಾವ ಆದೇಶಕ್ಕೂ ಕಾಯುವುದಿಲ್ಲ. ಆ ಎರಡು ವರ್ಷಗಳಲ್ಲಿ ಕರ್ನಾಟಕ ಸರ್ಕಾರ ಕೈಗೊಂಡ ಕ್ರಮಗಳು ಯಾವುವು, ಅವು ರೈತರಿಗೆ ಎಷ್ಟರಮಟ್ಟಿಗೆ ತಲುಪಿದವು, ಮತ್ತು ಮುಂದೆ ಇಂಥ ಸಂದರ್ಭ ಬಂದರೆ ರೈತರು ಮೊದಲೇ ಮಾಡಿಟ್ಟುಕೊಳ್ಳಬೇಕಾದದ್ದು ಏನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಕ್ರಮಗಳು

ರಾಜ್ಯದಲ್ಲಿ ಮೊದಲ ಕೊರೋನಾ ಪ್ರಕರಣ 2020ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ವರದಿಯಾಯಿತು. ದೇಶದಲ್ಲಿ ಈ ರೋಗದಿಂದಾದ ಮೊದಲ ಸಾವು ಸಂಭವಿಸಿದ್ದೂ ನಮ್ಮ ರಾಜ್ಯದ ಕಲಬುರಗಿಯಲ್ಲಿಯೇ. ಮಾರ್ಚ್ 11ರಂದು ಸರ್ಕಾರವು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಅಡಿಯಲ್ಲಿ ನಿಯಮಗಳನ್ನು ಹೊರಡಿಸಿತು. ಮುಂಬಯಿಯ ಪ್ಲೇಗಿನ ಕಾಲದಲ್ಲಿ ಮಾಡಿದ ಕಾಯಿದೆ ಇದು. ಮಾರ್ಚ್ 14ರಿಂದ ಚಿತ್ರಮಂದಿರ, ಮಾಲ್‌ಗಳನ್ನು ಮುಚ್ಚಿಸಿ, ಮದುವೆ, ಜಾತ್ರೆ ಮೊದಲಾದ ಜನ ಸೇರುವ ಸಮಾರಂಭಗಳನ್ನು ನಿರ್ಬಂಧಿಸಲಾಯಿತು. ಮಾರ್ಚ್ 25ರಿಂದ ಇಡೀ ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬಂದಿತು.

ಹೊರ ಊರುಗಳಿಂದ ಬಂದವರ ಕೈಗೆ ಮುದ್ರೆ ಒತ್ತಿ ಮನೆಯಲ್ಲಿಯೇ ಪ್ರತ್ಯೇಕವಾಗಿ ಇರಿಸುವುದು, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು, ಆಶಾ ಕಾರ್ಯಕರ್ತೆಯರ ಮೂಲಕ ಮನೆ ಮನೆ ಸಮೀಕ್ಷೆ ನಡೆಸುವುದು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕಾರ್ಯಪಡೆ ರಚಿಸುವುದು ಆರೋಗ್ಯದ ದೃಷ್ಟಿಯಿಂದ ಕೈಗೊಂಡ ಮುಖ್ಯ ಕ್ರಮಗಳು.

ವಿನಾಯಿತಿ ಇದ್ದರೂ ಬೆಳೆ ಕೊಳೆತದ್ದೇಕೆ?

ಬೇಸಾಯದ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಕೇಂದ್ರ ಸರ್ಕಾರ ಮಾರ್ಚ್ 27ರಂದು ಕೃಷಿ ಚಟುವಟಿಕೆಗಳಿಗೆ ವಿನಾಯಿತಿ ನೀಡಿತು. ಹೊಲದ ಕೆಲಸ, ಕೃಷಿ ಮಾರುಕಟ್ಟೆಗಳು, ಬೀಜ ಮತ್ತು ಗೊಬ್ಬರ, ಬಾಡಿಗೆ ಯಂತ್ರಗಳ ಕೇಂದ್ರಗಳು, ಕೊಯ್ಲು ಯಂತ್ರಗಳ ಸಾಗಾಣಿಕೆ ಇವೆಲ್ಲ ಅದರಲ್ಲಿ ಸೇರಿದ್ದವು. ರಾಜ್ಯದಲ್ಲಿ ಉತ್ಪನ್ನ ಸಾಗಿಸುವ ವಾಹನಗಳಿಗೆ ಹಸಿರು ಪಾಸುಗಳನ್ನು ಕೊಡಲಾಯಿತು. ಹಾಪ್‌ಕಾಮ್ಸ್ ಮಳಿಗೆಗಳು ತೆರೆದಿದ್ದವು. ಸಂಚಾರಿ ವಾಹನಗಳಲ್ಲಿಯೂ ಹಣ್ಣು ತರಕಾರಿ ಮಾರಾಟ ನಡೆಯಿತು. ರೈತರು ಮತ್ತು ಕೊಳ್ಳುವವರ ನಡುವೆ ಸಂಪರ್ಕ ಏರ್ಪಡಿಸಲು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ನೆರವಿನಿಂದ ಕೃಷಿ ವಾರ್ ರೂಮ್ ಕೆಲಸ ಮಾಡಿತು.

ಹೀಗಿದ್ದೂ ಅನೇಕ ಕಡೆಗಳಲ್ಲಿ ಬೆಳೆ ತೋಟದಲ್ಲಿಯೇ ಉಳಿಯಿತು. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ತೋಟದಿಂದ ಬಳಕೆದಾರನವರೆಗಿನ ದಾರಿ ಒಂದು ಸರಪಳಿಯಂತೆ. ಕೀಳುವ ಆಳು, ತುಂಬುವ ಹಮಾಲಿ, ಲಾರಿ ಚಾಲಕ, ಮಂಡಿಯ ವರ್ತಕ, ಬೀದಿಯ ಗಾಡಿಯವನು ಇವರೆಲ್ಲ ಅದರ ಕೊಂಡಿಗಳು. ಒಂದು ಕೊಂಡಿಗೆ ಪಾಸು ಸಿಕ್ಕಿ ಇನ್ನೊಂದಕ್ಕೆ ಸಿಗದಿದ್ದರೆ ಸರಪಳಿ ಸಾಗದು. ಇನ್ನು ಸರಪಳಿಯ ಕೊನೆಯಲ್ಲಿ ಕೊಳ್ಳುವವರೇ ಇಲ್ಲದಿದ್ದರೆ ಯಾವ ಪಾಸಿನಿಂದಲೂ ಪ್ರಯೋಜನವಿಲ್ಲ.

ನಷ್ಟದ ಪ್ರಮಾಣ ಬೆಳೆಯಿಂದ ಬೆಳೆಗೆ ಬೇರೆಯಾಗಿತ್ತು.

ಹೂವು: ದೇವಸ್ಥಾನಗಳು ಮುಚ್ಚಿದ್ದವು, ಮದುವೆಗಳಿಗೆ ನಿರ್ಬಂಧವಿತ್ತು, ವಿಮಾನ ಸಂಚಾರ ನಿಂತಿತ್ತು. ಗುಲಾಬಿ, ಸೇವಂತಿಗೆ, ಮಲ್ಲಿಗೆಗೆ ಬೇರೆ ಉಪಯೋಗವೂ ಇಲ್ಲ, ಕೂಡಿಡುವಂತೆಯೂ ಇಲ್ಲ. ಕೀಳದಿದ್ದರೆ ಗಿಡಕ್ಕೆ ಕೇಡು, ಕಿತ್ತರೆ ಕೂಲಿಯೂ ನಷ್ಟ. ಆದ್ದರಿಂದ ಅನೇಕರು ಹೂವನ್ನು ಕಿತ್ತು ತಿಪ್ಪೆಗೆ ಹಾಕಬೇಕಾಯಿತು.

ಹಣ್ಣು ಮತ್ತು ತರಕಾರಿ: ಮಾರ್ಚ್, ಏಪ್ರಿಲ್ ತಿಂಗಳುಗಳು ದ್ರಾಕ್ಷಿ ಕೊಯ್ಲಿನ ಕಾಲ. ವಿಜಯಪುರದ ಕಡೆ ದ್ರಾಕ್ಷಿಯನ್ನು ಒಣಗಿಸಿ ಒಣದ್ರಾಕ್ಷಿ ಮಾಡುವ ರೂಢಿಯಿರುವುದರಿಂದ ಅಲ್ಲಿನವರಿಗೆ ಒಂದು ದಾರಿಯಿತ್ತು. ತಾಜಾ ಹಣ್ಣನ್ನೇ ಮಾರಬೇಕಾದವರಿಗೆ ಅದೂ ಇರಲಿಲ್ಲ. ಟೊಮೇಟೊ, ಕಲ್ಲಂಗಡಿ, ಬಾಳೆಯ ಗತಿಯೂ ಇದೇ.

ಮುಸುಕಿನ ಜೋಳ: ಇದು ಕೆಡುವ ಬೆಳೆಯಲ್ಲ. ಆದರೂ ಬೆಲೆ ಕುಸಿಯಿತು. ಕೋಳಿಮಾಂಸದಿಂದ ಕೊರೋನಾ ಬರುತ್ತದೆಂಬ ಸುಳ್ಳು ಸುದ್ದಿ ಹರಡಿದ್ದು ಒಂದು ಕಾರಣ. ಅದೇ ಮಾರ್ಚ್‌ನಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಹಕ್ಕಿ ಜ್ವರ ಕಾಣಿಸಿಕೊಂಡದ್ದು ಇನ್ನೊಂದು. ಕೋಳಿ ಸಾಕಣೆ ಕುಗ್ಗಿತು. ಕೋಳಿ ಆಹಾರಕ್ಕೆ ಬೇಕಾದ ಜೋಳವನ್ನು ಕೇಳುವವರು ಕಡಿಮೆಯಾದರು. ಕ್ವಿಂಟಾಲಿಗೆ 1,760 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಕೆಳಗೆ ಇಳಿಯಿತು.

ಹಾಲಿನ ವಿಷಯದಲ್ಲಿ ಅನುಸರಿಸಿದ ಮಾರ್ಗ

ಹೋಟೆಲುಗಳು ಮುಚ್ಚಿದ್ದರಿಂದ ಹಾಲಿನ ಬೇಡಿಕೆಯೂ ತಗ್ಗಿತು. ಆದರೆ ಹೂವಿನ ಬೆಳೆಗಾರರಿಗೆ ಇಲ್ಲದ ಒಂದು ಅನುಕೂಲ ಹಾಲು ಉತ್ಪಾದಕರಿಗೆ ಇತ್ತು. ಅದೆಂದರೆ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ. ಸಂಘಗಳು ಹಾಲು ಪಡೆಯುವುದನ್ನು ಮುಂದುವರಿಸಿದವು. ಮಾರಾಟವಾಗದೆ ಉಳಿದ ಹಾಲನ್ನು ರಾಜ್ಯ ಸರ್ಕಾರ ಹಾಲು ಮಹಾಮಂಡಳದಿಂದ ಕೊಂಡು, 2020ರ ಏಪ್ರಿಲ್‌ನಲ್ಲಿ ನಗರಗಳ ಕೊಳೆಗೇರಿ ನಿವಾಸಿಗಳಿಗೂ ಬಡವರಿಗೂ ಉಚಿತವಾಗಿ ಹಂಚಿತು. ಒಂದೇ ಕ್ರಮದಿಂದ ಉತ್ಪಾದಕನಿಗೆ ಹಣವೂ ಬಡವನ ಮಗುವಿಗೆ ಹಾಲೂ ದೊರೆತಂತಾಯಿತು. ಸಂಘಟನೆ ಇದ್ದ ಕಡೆ ಸರ್ಕಾರದ ಸಹಾಯ ಬೇಗ ತಲುಪುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ನಗದು ಪರಿಹಾರ

2020ರ ಮೇ 6ರಂದು ಅಂದಿನ ಮುಖ್ಯಮಂತ್ರಿ ಶ್ರೀ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ಪರಿಹಾರ ಯೋಜನೆಯನ್ನು ಪ್ರಕಟಿಸಿದರು. ಕ್ಷೌರಿಕರು, ಅಗಸರು, ನೇಕಾರರು, ಆಟೋ ಮತ್ತು ಟ್ಯಾಕ್ಸಿ ಚಾಲಕರು, ಕಟ್ಟಡ ಕಾರ್ಮಿಕರು ಇದರಲ್ಲಿ ಸೇರಿದ್ದರು. ಅಂದು ಮತ್ತು ಅದೇ ತಿಂಗಳಲ್ಲಿ ಮುಂದೆ ರೈತರಿಗಾಗಿ ಪ್ರಕಟವಾದ ಪರಿಹಾರ ಹೀಗಿತ್ತು:

1. ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂ., ಗರಿಷ್ಠ ಒಂದು ಹೆಕ್ಟೇರಿಗೆ ಮಾತ್ರ.
2. ಹಣ್ಣು ಮತ್ತು ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ 15,000 ರೂ.
3. ಮುಸುಕಿನ ಜೋಳದ ಬೆಳೆಗಾರರಿಗೆ ತಲಾ 5,000 ರೂ. ಇದರ ಗುರಿ 10 ಲಕ್ಷ ರೈತರು, ಅಂದಾಜು ವೆಚ್ಚ 500 ಕೋಟಿ ರೂ.

ಹೆಕ್ಟೇರಿಗೆ 25,000 ರೂಪಾಯಿ ಎಂದರೆ ಎಕರೆಗೆ ಸುಮಾರು 10,000 ರೂಪಾಯಿ. ಹತ್ತು ಗುಂಟೆ ಸೇವಂತಿಗೆ ಇಟ್ಟವನಿಗೆ ಆ ಲೆಕ್ಕದಲ್ಲಿ ಸುಮಾರು 2,500 ರೂಪಾಯಿ ಬರುತ್ತದೆ. ಹೂವಿನ ಬೇಸಾಯದ ಖರ್ಚಿಗೆ ಹೋಲಿಸಿದರೆ ಇದು ಅಲ್ಪ. ಆದರೂ ಕೈ ಬರಿದಾಗಿದ್ದ ಹೊತ್ತಿನಲ್ಲಿ ಮುಂದಿನ ಬಿತ್ತನೆಗೆ ಬೀಜ, ಗೊಬ್ಬರ ತರುವಷ್ಟು ಆಸರೆ.

ಪರಿಹಾರ ಯಾರಿಗೆ ತಲುಪಿತು, ಯಾರಿಗೆ ತಪ್ಪಿತು?

ಇಲ್ಲಿಯೇ ರೈತರು ಗಮನಿಸಬೇಕಾದ ಮುಖ್ಯ ಸಂಗತಿಯಿದೆ. ಪರಿಹಾರದ ಹಣವನ್ನು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆ ಮಾಡಲಾಯಿತು. ಯಾರು ಏನು ಬೆಳೆದಿದ್ದಾರೆ ಎಂಬುದಕ್ಕೆ ಬೆಳೆ ಸಮೀಕ್ಷೆಯನ್ನು ಆಧಾರವಾಗಿ ಇಟ್ಟುಕೊಳ್ಳಲಾಯಿತು. ಮಧ್ಯವರ್ತಿಯ ಕೈಗೆ ಹಣ ಹೋಗದಂತೆ ಇದು ತಡೆಯಿತು. ಆದರೆ ಹೊಲದಲ್ಲಿ ಇರುವುದು ಒಂದು, ದಾಖಲೆಯಲ್ಲಿ ಇರುವುದು ಇನ್ನೊಂದು ಆದಾಗ ನಿಜವಾದ ಬೆಳೆಗಾರನೇ ಹೊರಗುಳಿಯುತ್ತಾನೆ. ಹೀಗೆ ತಪ್ಪುವುದು ಸಾಮಾನ್ಯವಾಗಿ ನಾಲ್ಕು ಬಗೆಯಲ್ಲಿ.

ಮೊದಲನೆಯದು, ಹೊಲದಲ್ಲಿ ಗುಲಾಬಿ ಇದ್ದರೂ ಪಹಣಿಯಲ್ಲಿ ಹಳೆಯ ರಾಗಿಯೇ ಮುಂದುವರಿದಿರುವುದು.

ಎರಡನೆಯದು, ತಂದೆ ತೀರಿಹೋಗಿ ವರ್ಷಗಳಾದರೂ ಪೌತಿ ಖಾತೆ ಮಾಡಿಸದೆ ಜಮೀನು ಇನ್ನೂ ಅವರ ಹೆಸರಿನಲ್ಲಿಯೇ ಇರುವುದು. ಬದುಕಿರುವ ಮಗ ಬೆಳೆದ ಬೆಳೆಗೆ ಇಲ್ಲದ ತಂದೆಯ ಖಾತೆಗೆ ಹಣ ಹೋಗಲಾರದು.

ಮೂರನೆಯದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿರುವುದು ಅಥವಾ ಹೆಸರಿನಲ್ಲಿ ವ್ಯತ್ಯಾಸವಿರುವುದು.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಅದು ಗುತ್ತಿಗೆಗೆ, ವಾರಕ್ಕೆ ಬೇಸಾಯ ಮಾಡುವವರದು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ನಂತರ ರಾಜ್ಯದಲ್ಲಿ ಜಮೀನನ್ನು ಗೇಣಿಗೆ ಕೊಡುವುದು ಸಾಮಾನ್ಯವಾಗಿ ನಿಷಿದ್ಧ. ಆದ್ದರಿಂದ ಇಂಥ ಒಪ್ಪಂದಗಳು ಬಾಯಿಮಾತಿನಲ್ಲಿಯೇ ನಡೆಯುತ್ತವೆ. ಸಾಲ ಮಾಡಿ ಬೆಳೆದವನು ಗುತ್ತಿಗೆದಾರ; ಪಹಣಿಯಲ್ಲಿ ಇರುವುದು ಒಡೆಯನ ಹೆಸರು. ಈ ತೊಡಕು ರೈತನೊಬ್ಬನ ಎಚ್ಚರಿಕೆಯಿಂದ ಬಗೆಹರಿಯುವಂಥದಲ್ಲ. ಸರ್ಕಾರದ ಮಟ್ಟದಲ್ಲಿಯೇ ಪರಿಹಾರವಾಗಬೇಕಾದದ್ದು.

ಕೂಲಿಕಾರರು

ಲಾಕ್‌ಡೌನ್‌ನಿಂದ ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡ ಉತ್ತರ ಕರ್ನಾಟಕದ ಕೂಲಿಕಾರರು ಊರಿಗೆ ಮರಳಲು ಮೇ ತಿಂಗಳ ಮೊದಲ ವಾರದಲ್ಲಿ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣಕ್ಕೆ ಅವಕಾಶ ಕೊಡಲಾಯಿತು. ಅದೇ ವಾರ ಕಟ್ಟಡ ನಿರ್ಮಾಪಕರೊಂದಿಗೆ ಸಭೆ ನಡೆದ ನಂತರ, ಹೊರ ರಾಜ್ಯದ ಕಾರ್ಮಿಕರಿಗಾಗಿ ಕೇಳಿದ್ದ ವಿಶೇಷ ರೈಲುಗಳನ್ನು ಸರ್ಕಾರ ಬೇಡವೆಂದಿತು. ಇದಕ್ಕೆ ತೀವ್ರ ಟೀಕೆ ಬಂದ ಮೇಲೆ ಆ ನಿರ್ಧಾರವನ್ನು ಕೈಬಿಟ್ಟು ರೈಲುಗಳನ್ನು ಮತ್ತೆ ಆರಂಭಿಸಲಾಯಿತು. ಊರಿಗೆ ಬಂದವರಿಗೆ ಉದ್ಯೋಗ ಖಾತರಿ ಯೋಜನೆ ಆಸರೆಯಾಯಿತು. 2020ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಇದರ ದಿನಗೂಲಿ 249 ರೂಪಾಯಿಯಿಂದ 275 ರೂಪಾಯಿಗೆ ಏರಿತ್ತು. ಬದು, ಕೃಷಿ ಹೊಂಡ, ಕೆರೆ ಹೂಳೆತ್ತುವಂಥ ಕೆಲಸಗಳಿಂದ ಕೂಲಿಯ ಜೊತೆಗೆ ಊರಿಗೆ ನೀರಿನ ಅನುಕೂಲವೂ ಆಗುತ್ತದೆ.

ಎರಡನೆಯ ಅಲೆ

2020ರ ಸೆಪ್ಟೆಂಬರಿನಲ್ಲಿ ರಾಜ್ಯ ನಡೆಸಿದ ಸಮೀಕ್ಷೆಯ ಪ್ರಕಾರ ಶೇಕಡಾ 27.3ರಷ್ಟು ಜನರಿಗೆ ಆ ವೇಳೆಗೆ ಸೋಂಕು ತಗುಲಿತ್ತು ಅಥವಾ ತಗುಲಿ ಹೋಗಿತ್ತು. ಉಳಿದವರ ಮೇಲೆ 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ಬಿದ್ದಿತು. ಈ ಬಾರಿ ಹಳ್ಳಿಗಳೂ ಹೆಚ್ಚಾಗಿ ತತ್ತರಿಸಿದವು. ಆಸ್ಪತ್ರೆಯ ಹಾಸಿಗೆ ಮತ್ತು ಆಮ್ಲಜನಕಕ್ಕೆ ತೀವ್ರ ಅಭಾವ ಉಂಟಾಯಿತು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಸರ್ಕಾರ ಮತ್ತೆ ನಿರ್ಬಂಧ ಹೇರಿ, ಜೂನ್ ಮಧ್ಯಭಾಗದವರೆಗೆ ಮುಂದುವರಿಸಿತು. ಮೇ 19ರಂದು 1,250 ಕೋಟಿ ರೂಪಾಯಿಗಳ ಪರಿಹಾರ ಪ್ರಕಟವಾಯಿತು. ಹೂವು, ಹಣ್ಣು ಮತ್ತು ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂ. ಗೊತ್ತುಪಡಿಸಲಾಯಿತು. ಹೂವಿನ ಬೆಳೆಗಾರರ ಪಾಲಿಗೆ ಇದು ಹಿಂದಿನ ವರ್ಷದ ಅರ್ಧಕ್ಕಿಂತ ಕಡಿಮೆ. ದುಡಿಯುವ ಸದಸ್ಯನನ್ನು ಕಳೆದುಕೊಂಡ ಬಡ ಕುಟುಂಬಗಳಿಗೆ ಒಂದು ಲಕ್ಷ ರೂ. ನೆರವನ್ನು ಜೂನ್‌ನಲ್ಲಿ ಪ್ರಕಟಿಸಲಾಯಿತು. ಸರ್ಕಾರಿ ಲೆಕ್ಕದಂತೆ ಈ ರೋಗದಿಂದ ರಾಜ್ಯದಲ್ಲಿ ತೀರಿಕೊಂಡವರು ಸುಮಾರು 40 ಸಾವಿರ ಮಂದಿ.

ರೈತರು ಈಗಲೇ ಮಾಡಬೇಕಾದ ಕೆಲಸಗಳು

2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ವಿವರವನ್ನು ಮೊಬೈಲ್ ಮೂಲಕ ದಾಖಲಿಸುವ ಅವಕಾಶ ಬಂದಿದೆ. ಬರ, ಅತಿವೃಷ್ಟಿ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ ಇವುಗಳಿಗೂ ಇದೇ ದಾಖಲೆ ಬೇಕಾಗುತ್ತದೆ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು.

1. ಪ್ರತಿ ಹಂಗಾಮಿನಲ್ಲಿಯೂ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಯಲ್ಲಿ ದಾಖಲಿಸಬೇಕು. ಮೊಬೈಲ್ ಬಳಸಲು ಬಾರದವರು ಊರಿನ ಸಮೀಕ್ಷೆದಾರರ ನೆರವು ಪಡೆಯಬಹುದು.
2. ಮಿಶ್ರ ಬೆಳೆ ಇದ್ದರೆ ಎಲ್ಲ ಬೆಳೆಗಳನ್ನೂ ಅವುಗಳ ವಿಸ್ತೀರ್ಣದೊಂದಿಗೆ ಬರೆಯಿಸಬೇಕು. ತೆಂಗಿನ ನಡುವಿನ ಬಾಳೆ, ಬದುವಿನ ಹೂವು ಬಿಟ್ಟುಹೋಗಬಾರದು.
3. ದಾಖಲಾದದ್ದು ಸರಿಯಿದೆಯೇ ಎಂದು 'ಬೆಳೆ ದರ್ಶಕ'ದಲ್ಲಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು.
4. 'ಫ್ರೂಟ್ಸ್' ತಂತ್ರಾಂಶದಲ್ಲಿ ನೋಂದಾಯಿಸಿಕೊಂಡು, ಎಲ್ಲ ಸರ್ವೆ ನಂಬರುಗಳನ್ನೂ ಸೇರಿಸಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಇದಕ್ಕೆ ಸಹಾಯ ದೊರೆಯುತ್ತದೆ.
5. ಪೌತಿ ಖಾತೆ ಬಾಕಿಯಿದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು ಕಂಡು ಮಾಡಿಸಿಕೊಳ್ಳಬೇಕು.
6. ಬೇಗ ಕೆಡುವ ಬೆಳೆಯನ್ನೇ ಇಡೀ ಜಮೀನಿಗೆ ಇಡದೆ, ಒಂದು ಭಾಗದಲ್ಲಿ ಕೂಡಿಡಬಹುದಾದ ಬೆಳೆ ಇಡುವುದು ಕ್ಷೇಮ.

ವಿಸ್ತರಣಾ ಕಾರ್ಯಕರ್ತರು ಹಂಗಾಮಿನ ಸಭೆಗಳಲ್ಲಿ ತಳಿ, ಗೊಬ್ಬರಗಳ ಜೊತೆಗೆ ಈ ವಿಷಯವನ್ನೂ ತಿಳಿಸಬೇಕು. ಗುತ್ತಿಗೆ ಬೇಸಾಯಗಾರರ ಪಟ್ಟಿಯನ್ನು ಊರಿನಲ್ಲಿ ಬರೆದಿಟ್ಟುಕೊಂಡರೆ, ಮುಂದೆ ಅರ್ಜಿ ಕರೆದಾಗ ಅವರ ಪರವಾಗಿ ಹೇಳಲು ಒಂದು ಆಧಾರವಿರುತ್ತದೆ.

ಮುಂದಿನ ಕಷ್ಟ ರೋಗದ ರೂಪದಲ್ಲಿ ಬರಬಹುದು, ಬರದ ರೂಪದಲ್ಲಿಯೂ ಬರಬಹುದು. ಅಂದು ಸರ್ಕಾರದ ನೆರವು ಹೊಲವನ್ನು ಹುಡುಕಿಕೊಂಡು ಬರುವುದು ದಾಖಲೆಯ ದಾರಿಯಿಂದಲೇ. ಬಿತ್ತನೆಗೆ ಮುನ್ನ ನೇಗಿಲು ಸರಿಮಾಡಿಕೊಳ್ಳುವಂತೆ, ಕಷ್ಟಕ್ಕೆ ಮುನ್ನ ದಾಖಲೆ ಸರಿಮಾಡಿಕೊಳ್ಳುವುದು ಜಾಣತನ.