ಮನೆ ಕಟ್ಟಿಕೊಡುವವರು ದಾನಿಗಳಿಗೆ ಕೊಡಬೇಕಾದ ಸುದ್ದಿ

ಕರಾವಳಿಯ ಚರ್ಚುಗಳಲ್ಲಿ ಬಡ ಕುಟುಂಬವೊಂದಕ್ಕೆ ಮನೆ ಕಟ್ಟಿಕೊಡುವುದು ಹೊಸ ಸಂಗತಿಯೇನಲ್ಲ. ಚರ್ಚಿನ ಶತಮಾನೋತ್ಸವ, ಧರ್ಮಗುರುಗಳ ಗುರುದೀಕ್ಷೆಯ ಬೆಳ್ಳಿಹಬ್ಬ, ಕೆಲವೊಮ್ಮೆ ಒಂದು ಮನೆಯವರ ಮದುವೆಯ ಸುವರ್ಣೋತ್ಸವ ಕೂಡ ಇದಕ್ಕೆ ನೆಪವಾಗುತ್ತದೆ. ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಮನೆ ನೋಡಿ ಬರುತ್ತಾರೆ, ವಾಳೆಯ ಗುರಿಕಾರರು ಹೌದು ಎನ್ನುತ್ತಾರೆ, ಪೂಜೆಯ ಕೊನೆಯಲ್ಲಿ ಪ್ರಕಟಣೆಯಾಗುತ್ತದೆ, ಹಣ ಸಂಗ್ರಹವಾಗುತ್ತದೆ. ಆ ಬಳಿಕ ಹೆಚ್ಚಿನ ಕಡೆ ಮೌನ. ಏಳೆಂಟು ತಿಂಗಳು ಕಳೆದು ಒಂದು ಫೋಟೊ ಬರುತ್ತದೆ: ಧರ್ಮಗುರುಗಳು ಮನೆ ಆಶೀರ್ವದಿಸಿ ಬೀಗದ ಕೈ ಹಸ್ತಾಂತರಿಸುವುದು, ಹಿಂದೆ ಸಾಲಾಗಿ ನಿಂತ ಪದಾಧಿಕಾರಿಗಳು, ಮಧ್ಯದಲ್ಲಿ ತಲೆ ತಗ್ಗಿಸಿ ನಿಂತ ಮನೆಯೊಡತಿ.

ಹಣ ಕೊಟ್ಟವರಿಗೆ ತಿಳಿಯಬೇಕಾದದ್ದು ಆ ಮೌನದ ಅವಧಿಯಲ್ಲಿ ಏನಾಯಿತು ಎಂಬುದು. ಸುದ್ದಿ ಕೊಡುವುದನ್ನು ಪ್ರಚಾರವೆಂದು ತಿಳಿದು ದೂರವಿಡುವ ಸಜ್ಜನರು ನಮ್ಮಲ್ಲಿ ಬಹಳ ಮಂದಿ. ಆದರೆ ಮನೆ ಕಟ್ಟುವ ಸಂಸ್ಥೆಗೆ ಸುದ್ದಿ ಕೊಡುವುದು ಕೆಲಸದ ಒಂದು ಭಾಗ, ಲೆಕ್ಕ ಬರೆದಿಡುವ ಹಾಗೆಯೇ. ಮುಂದಿನ ಮನೆಗೆ ಜನ ಕೈ ಕೊಡುತ್ತಾರೋ ಇಲ್ಲವೋ ಎಂಬುದು ಹಿಂದಿನ ಮನೆಯ ಬಗ್ಗೆ ಅವರಿಗೆ ಸಿಕ್ಕಿದ ಸುದ್ದಿಯ ಮೇಲೆ ನಿಂತಿರುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ಫ್ರಾನ್ಸ್ ದೇಶದ ಒಂದು ಸಂಸ್ಥೆಯ ಕಥೆ ಸಹಕಾರಿ. ಅದರಲ್ಲಿ ಸಿಹಿಯೂ ಇದೆ, ಬಹಳ ಕಹಿಯೂ ಇದೆ.

ಅಬ್ಬೆ ಪಿಯೆರ್ ಎಂದು ಪ್ರಸಿದ್ಧರಾದ ಧರ್ಮಗುರು ಹೆನ್ರಿ ಗ್ರುಯೆಸ್ 1912ರಲ್ಲಿ ಲಿಯೋನ್ ನಗರದಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದ ನಂತರ ಫ್ರಾನ್ಸಿನ ಸಂಸತ್ ಸದಸ್ಯರಾಗಿದ್ದರು. ಪ್ಯಾರಿಸ್ ಹೊರವಲಯದ ನಯಿ-ಪ್ಲೆಸಾನ್ಸ್ ಎಂಬಲ್ಲಿ ಅವರ ಹಳೆಯ ದೊಡ್ಡ ಮನೆಯೊಂದಿತ್ತು. ಇಬ್ಬರು ಶಿಷ್ಯರು ದಾರಿಯಲ್ಲಿ ಜೊತೆಯಾದ ಅಪರಿಚಿತನನ್ನು ಒಳಗೆ ಕರೆದು ಉಳಿಸಿಕೊಂಡ ಊರಿನ ನೆನಪಿಗೆ ಅದಕ್ಕೆ ಎಮ್ಮಾವುಸ್ ಎಂದು ಹೆಸರಿಟ್ಟರು. 1949ರಲ್ಲಿ ಸಂಸ್ಥೆ ಆರಂಭವಾದದ್ದು ಅಲ್ಲಿಯೇ. ಬದುಕು ಬೇಡವೆಂದು ಬಂದ ಒಬ್ಬಾತನಿಗೆ ಅವರು ಹಣ ಕೊಡಲಿಲ್ಲ, ಇತರರಿಗೆ ಮನೆ ಕಟ್ಟಲು ನನಗೆ ಸಹಾಯ ಮಾಡು ಎಂದು ಕೇಳಿಕೊಂಡರು. ಆತನೇ ಮೊದಲ ಜೊತೆಗಾರನಾದ. ಸಂಸತ್ತಿನ ವೇತನ ನಿಂತ ಮೇಲೆ ಈ ಜೊತೆಗಾರರು ಗುಜರಿ ಹೆಕ್ಕಿ, ವಿಂಗಡಿಸಿ, ಮಾರಿ ಮನೆ ಕಟ್ಟುವ ಕೆಲಸ ಮುಂದುವರಿಸಿದರು.

1954ರ ಚಳಿಗಾಲ ಭೀಕರವಾಗಿತ್ತು. ಜನವರಿ ಆರಂಭದಲ್ಲಿ ನಯಿ-ಪ್ಲೆಸಾನ್ಸ್‌ನಲ್ಲಿ ಸೂರಿಲ್ಲದ ದಂಪತಿಗಳ ಹಸುಗೂಸು ಚಳಿಗೆ ಸತ್ತಿತು. ಅದೇ ದಿನಗಳಲ್ಲಿ ತುರ್ತು ವಸತಿಗೆ ಹಣ ಒದಗಿಸುವ ಪ್ರಸ್ತಾಪವನ್ನು ಸಂಸತ್ತು ತಳ್ಳಿಹಾಕಿತ್ತು. ಅಬ್ಬೆ ಪಿಯೆರ್ ವಸತಿ ಸಚಿವರಿಗೆ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದು ಮಗುವಿನ ಅಂತ್ಯಕ್ರಿಯೆಗೆ ಬರುವಂತೆ ಕರೆದರು. ಸಚಿವರು ಬಂದರು. ತಿಂಗಳ ಕೊನೆಗೆ ಇನ್ನೊಂದು ಸಾವು. ಪ್ಯಾರಿಸಿನ ಸೆಬಾಸ್ಟೊಪೋಲ್ ಬೀದಿಯ ಪಕ್ಕದಲ್ಲಿ ಬೆಳಗಿನ ಜಾವ ಮಹಿಳೆಯೊಬ್ಬಳು ಹೆಪ್ಪುಗಟ್ಟಿ ಸತ್ತಳು. ಎರಡು ದಿನ ಮೊದಲು ಆಕೆಯನ್ನು ಮನೆಯಿಂದ ಹೊರಹಾಕಿದ್ದ ಆದೇಶದ ಕಾಗದ ಆಕೆಯ ಬಳಿಯೇ ಇತ್ತು.

ಫೆಬ್ರವರಿ 1ರಂದು ಅಬ್ಬೆ ಪಿಯೆರ್ ರೇಡಿಯೊ ಲಕ್ಸೆಂಬರ್ಗ್‌ನಲ್ಲಿ ಮಾತಾಡಿದರು. ಆ ಕರೆ ಇಂದಿಗೂ ಫ್ರೆಂಚರ ಬಾಯಲ್ಲಿದೆ. ಮೊದಲಿಗೆ ಆ ಸಾವಿನ ಸುದ್ದಿ: ಯಾವ ಬೀದಿ, ಯಾವ ಹೊತ್ತು. ಆ ಕೂಡಲೇ ಬೇಕಾದ ಸಾಮಾನಿನ ಪಟ್ಟಿ: 5,000 ಹೊದಿಕೆ, 300 ದೊಡ್ಡ ಡೇರೆ, 200 ಒಲೆ. ಎಲ್ಲಿಗೆ ತಂದುಕೊಡಬೇಕು? ಲಾ ಬೊಯೆಸಿ ಬೀದಿಯ ರೋಚೆಸ್ಟರ್ ಹೋಟೆಲಿಗೆ. ಸ್ವಯಂಸೇವಕರು ಆ ರಾತ್ರಿ 11 ಗಂಟೆಗೆ ಎಲ್ಲಿ ಸೇರಬೇಕೆಂಬುದನ್ನೂ ಹೇಳಿದರು. ನಮ್ಮ ಪ್ರಕಟಣೆಗಳಲ್ಲಿ ಬರುವ, ದಾನಿಗಳು ಉದಾರವಾಗಿ ಸಹಕರಿಸಬೇಕಾಗಿ ವಿನಂತಿ ಎಂಬ ವಾಕ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಉದಾರವಾಗಿ ಎಂದರೆ ಎಷ್ಟು, ಯಾವಾಗ, ಯಾರ ಕೈಗೆ ಎಂದು ಕೇಳಿದವನಿಗೆ ತಿಳಿಯುವುದಿಲ್ಲ. ಐದು ಸಾವಿರ ಹೊದಿಕೆ ಎಂದರೆ ತಿಳಿಯುತ್ತದೆ, ನಮ್ಮ ಮನೆಯ ಒಂದು ಹೊದಿಕೆಯೂ ಲೆಕ್ಕಕ್ಕೆ ಬರುತ್ತದೆಂದು.

ಜನ ಹೋಟೆಲಿಗೆ ಮುಗಿಬಿದ್ದರು. ಬಂದ ಸಾಮಾನು ಇಡಲು ಬಳಕೆಯಲ್ಲಿಲ್ಲದ ರೈಲು ನಿಲ್ದಾಣವೊಂದನ್ನು ತೆರೆಯಬೇಕಾಯಿತು. ಸುಮಾರು 50 ಕೋಟಿ ಹಳೆಯ ಫ್ರಾಂಕ್ ಸಂಗ್ರಹವಾಯಿತು, ಅದರಲ್ಲಿ 20 ಲಕ್ಷ ಕೊಟ್ಟವರು ಚಾರ್ಲಿ ಚಾಪ್ಲಿನ್. ಜನವರಿಯಲ್ಲಿ ಹಣ ನಿರಾಕರಿಸಿದ್ದ ಸಂಸತ್ತು ಅದಕ್ಕಿಂತ ಬಹಳ ಹೆಚ್ಚಿನ ಮೊತ್ತಕ್ಕೆ, 1,000 ಕೋಟಿ ಫ್ರಾಂಕಿಗೆ, ಒಪ್ಪಿಗೆ ಕೊಟ್ಟಿತು. 1956ರ ಡಿಸೆಂಬರಿನಲ್ಲಿ ಚಳಿಗಾಲದಲ್ಲಿ ಬಾಡಿಗೆದಾರರನ್ನು ಹೊರಹಾಕುವುದನ್ನು ತಡೆಯುವ ಕಾನೂನು ಬಂತು. ಈಗ ಅದು ನವೆಂಬರ್ 1ರಿಂದ ಮಾರ್ಚ್ 31ರ ತನಕ ಜಾರಿಯಲ್ಲಿರುತ್ತದೆ.

ಒಂದು ರಾತ್ರಿಯ ಕರುಣೆಯನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದು ಬೇರೆಯೇ ಕಷ್ಟ. ಎಮ್ಮಾವುಸ್ ಬಳಗದ ವಸತಿ ಪ್ರತಿಷ್ಠಾನ ಅದಕ್ಕೆ ಕಂಡುಕೊಂಡ ದಾರಿ ವಾರ್ಷಿಕ ವರದಿ. 1995ರಿಂದ ಫ್ರಾನ್ಸಿನಲ್ಲಿ ವಸತಿಯ ದುಸ್ಥಿತಿಯ ಬಗ್ಗೆ ಪ್ರತಿ ವರ್ಷ, ಸಾಮಾನ್ಯವಾಗಿ ಫೆಬ್ರವರಿ 1ರ ಆಸುಪಾಸಿನಲ್ಲೇ, ವರದಿ ಹೊರಬರುತ್ತಿದೆ. ಎಷ್ಟು ಮಂದಿಗೆ ಸೂರೇ ಇಲ್ಲ, ಎಷ್ಟು ಮಂದಿ ಸೋರುವ, ಬಿಸಿಯಿಲ್ಲದ, ಇಕ್ಕಟ್ಟಿನ ಮನೆಗಳಲ್ಲಿದ್ದಾರೆ ಎಂಬ ಲೆಕ್ಕ ಅದರಲ್ಲಿರುತ್ತದೆ. 2025ರ ವರದಿಯ ಪ್ರಕಾರ ಸೂರಿಲ್ಲದವರು ಸುಮಾರು 3.5 ಲಕ್ಷ. ತಾವು ಎಷ್ಟು ಮಾಡಿದೆವು ಎಂಬುದಕ್ಕಿಂತ ಎಷ್ಟು ಉಳಿದಿದೆ ಎಂದು ಹೇಳುವ ವರದಿ ಇದು. ದಾನಿಗಳು ಅದರಿಂದ ಬೇಸತ್ತು ದೂರ ಹೋಗಲಿಲ್ಲ ಎಂಬುದು ಗಮನಾರ್ಹ.

ಕಹಿ ಭಾಗ ಬಂದದ್ದು 2024ರಲ್ಲಿ. ಅಬ್ಬೆ ಪಿಯೆರ್ 2007ರ ಜನವರಿ 22ರಂದು ತೀರಿಕೊಂಡಿದ್ದರು, ಇಡೀ ದೇಶ ಅವರನ್ನು ಗೌರವದಿಂದ ಬೀಳ್ಕೊಟ್ಟಿತ್ತು. 2024ರ ಜುಲೈಯಲ್ಲಿ ಎಮ್ಮಾವುಸ್ ಸಂಸ್ಥೆಗಳು ಮತ್ತು ಪ್ರತಿಷ್ಠಾನ ಸೇರಿ, ಹೊರಗಿನವರಿಂದ ತನಿಖೆ ಮಾಡಿಸಿ, ಸಂಸ್ಥಾಪಕರು ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದರೆಂದು ಏಳು ಮಹಿಳೆಯರು ಕೊಟ್ಟ ಹೇಳಿಕೆಗಳ ವರದಿಯನ್ನು ತಾವೇ ಪ್ರಕಟಿಸಿದವು. ಸೆಪ್ಟೆಂಬರಿನಲ್ಲಿ ಇನ್ನೂ 17 ಹೇಳಿಕೆಗಳು, ಆ ಬಳಿಕ ಮತ್ತಷ್ಟು ಬಂದವು. ಪ್ರತಿಷ್ಠಾನ 2025ರಲ್ಲಿ ತನ್ನ ಹೆಸರಿನಿಂದ ಸಂಸ್ಥಾಪಕರ ಹೆಸರನ್ನು ತೆಗೆದುಹಾಕಿ, ಬಡವರ ವಸತಿಗಾಗಿ ಇರುವ ಪ್ರತಿಷ್ಠಾನ ಎಂಬ ಅರ್ಥದ ಹೊಸ ಹೆಸರಿಟ್ಟುಕೊಂಡಿತು.

ಇದನ್ನು ಇಲ್ಲಿ ಬರೆಯುವುದು ಕೆಲವರಿಗೆ ಹಿತವೆನಿಸಲಾರದು. ಆದರೆ 1954ರ ಕರೆಯನ್ನು ಮಾತ್ರ ಹೇಳಿ ಇದನ್ನು ಬಿಟ್ಟರೆ ಓದುಗರಿಗೆ ಅರ್ಧ ಸತ್ಯ ಕೊಟ್ಟಂತಾಗುತ್ತದೆ. ನೋವುಂಡ ಮಹಿಳೆಯರು ದಶಕಗಳ ಕಾಲ ಕೇಳುವವರಿಲ್ಲದೆ ಕಳೆದರು, ಅದಕ್ಕೆ ಪರಿಹಾರ ಸುಲಭವಿಲ್ಲ. ಸಂಸ್ಥೆಯ ಹೆಸರು ಕೆಡುತ್ತದೆ, ದಾನ ನಿಲ್ಲುತ್ತದೆ ಎಂಬ ಹೆದರಿಕೆ ಅಲ್ಲಿಯೂ ಇದ್ದಿರಲೇಬೇಕು. ಆದರೂ ವರದಿಯನ್ನು ಮುಚ್ಚಿಡದೆ ಹೊರತಂದರು, ಸಂತ್ರಸ್ತರು ಮಾತಾಡಲು ದಾರಿ ತೆರೆದರು, ಮರುವರ್ಷ ಫೆಬ್ರವರಿಯಲ್ಲಿ ವಸತಿ ವರದಿಯೂ ಎಂದಿನಂತೆ ಹೊರಬಂತು. ಕೆಟ್ಟ ಸುದ್ದಿಯನ್ನು ಪತ್ರಿಕೆಯವರಿಂದ ತಿಳಿಯುವ ದಾನಿಗೂ ಸಂಸ್ಥೆಯಿಂದಲೇ ತಿಳಿಯುವ ದಾನಿಗೂ ಬಹಳ ವ್ಯತ್ಯಾಸವಿದೆ.

ಬೆಂಬಲಿಗರನ್ನು ಹಣದಾಚೆಗೆ ಸೇರಿಸಿಕೊಳ್ಳುವ ಇನ್ನೊಂದು ರೀತಿ ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿಯದ್ದು. 1976ರಲ್ಲಿ ಅಮೇರಿಕದ ಜಾರ್ಜಿಯಾ ರಾಜ್ಯದಲ್ಲಿ ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿಗಳು ಆರಂಭಿಸಿದ ಈ ಸಂಸ್ಥೆಯಲ್ಲಿ ದಾನಿಯೂ ಕಲ್ಲು ಹೊರುತ್ತಾನೆ, ಮನೆ ಪಡೆಯುವ ಕುಟುಂಬವೂ ದುಡಿಯುತ್ತದೆ, ಕಂತಿನಲ್ಲಿ ಮರಳಿದ ಹಣ ಮುಂದಿನ ಮನೆಗೆ ಹೋಗುತ್ತದೆ. 1984ರಲ್ಲಿ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವಯಂಸೇವಕರೊಂದಿಗೆ ಬಸ್ಸಿನಲ್ಲಿ ನ್ಯೂಯಾರ್ಕಿಗೆ ಹೋಗಿ 19 ಕುಟುಂಬಗಳ ಕಟ್ಟಡವೊಂದರಲ್ಲಿ ಬಡಗಿ ಕೆಲಸ ಮಾಡಿದರು. 2006ರಲ್ಲಿ ಅವರು ಮಹಾರಾಷ್ಟ್ರದ ಲೋನಾವಳ ಬಳಿಗೂ ಬಂದಿದ್ದರು, ಅಲ್ಲಿ 100 ಮನೆಗಳ ಕೆಲಸ ನಡೆಯಿತು. ಕೆಲಸ ಮಾಡಿದವನಿಗೆ ಪ್ರತ್ಯೇಕ ಸುದ್ದಿ ಬೇಕಿಲ್ಲ, ಅವನೇ ಊರಿಗೆ ಹೋಗಿ ಹೇಳುತ್ತಾನೆ. ನಮ್ಮಲ್ಲಿಯೂ ಐಸಿವೈಎಂ ಯುವಕರು ಭಾನುವಾರ ಶ್ರಮದಾನಕ್ಕೆ ಹೋದ ಮನೆಯ ಬಗ್ಗೆ ಊರಿಗೆಲ್ಲ ಗೊತ್ತಿರುತ್ತದೆ.

ಇನ್ನು ನಮ್ಮ ಕಡೆಯ ವಿಷಯ. ಇಲ್ಲಿ ಮನೆಯೊಂದಕ್ಕೆ ಪಂಚಾಂಗ, ಲಿಂಟಲ್, ಮಾಡು, ಸಾರಣೆ ಎಂದು ಹಂತಗಳಿವೆ. ಪ್ರತಿ ಹಂತದಲ್ಲಿ ನಾಲ್ಕು ಸಾಲು ಮತ್ತು ಒಂದು ಫೋಟೊ ಚರ್ಚಿನ ಸೂಚನಾ ಫಲಕದಲ್ಲಿ ಹಾಕಲು ಖರ್ಚಿಲ್ಲ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ಕೇಂದ್ರ ನಿಗದಿಪಡಿಸಿದ 1.20 ಲಕ್ಷ ರೂಪಾಯಿ ಸಹಾಯಧನ ಕೂಡ ಸ್ಥಳದ ಗುರುತಿರುವ ಫೋಟೊ ಏರಿಸಿದ ಮೇಲೆ ಕಂತು ಕಂತಾಗಿ ಬರುವುದು. ಸರಕಾರ ಕೇಳುವಷ್ಟನ್ನಾದರೂ ದಾನಿಗೆ ತೋರಿಸಬಹುದಲ್ಲ! ಕೆಲಸ ನಿಂತರೆ ಯಾಕೆ ನಿಂತಿತೆಂದು ತಪ್ಪದೆ ತಿಳಿಸಬೇಕು. 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು, ಮರಳು ಸಿಗದೆ ಕಟ್ಟಡ ಕೆಲಸಗಳು ಕುಂಠಿತವಾಗಿದ್ದವು. ಅಂಥ ಹೊತ್ತಿನಲ್ಲಿ ಸುದ್ದಿ ಕೊಡದಿದ್ದರೆ ದುಬೈಯಲ್ಲಿ ಕುಳಿತ ದಾನಿ ಹಣ ಎಲ್ಲಿಗೋ ಹೋಯಿತೆಂದು ಎಣಿಸಿದರೆ ಅವನ ತಪ್ಪಲ್ಲ.

ಜಾಗದ ದಾಖಲೆಯ ಸ್ಥಿತಿಯನ್ನು ಹಣ ಕೇಳುವ ಮೊದಲೇ ಹೇಳುವುದು ಒಳ್ಳೆಯದು. ಆರ್‌ಟಿಸಿ ಯಾರ ಹೆಸರಿನಲ್ಲಿದೆ, ಹಕ್ಕುಪತ್ರ ಸಿಕ್ಕಿದೆಯೇ, ಪಾಲಾಗದ ಕುಟುಂಬದ ಜಾಗವೇ? ಅಣ್ಣನ ಹೆಸರಿನ ಜಾಗದಲ್ಲಿ ತಂಗಿಗೆ ಕಟ್ಟಿದ ಮನೆ ಮುಂದೆ ಯಾರದಾಗುತ್ತದೆ ಎಂಬ ಪ್ರಶ್ನೆಗೆ ಬೀಗದ ಕೈಯ ಫೋಟೊ ಉತ್ತರ ಕೊಡುವುದಿಲ್ಲ.

ಫೋಟೊಗಳ ಬಗ್ಗೆ ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಹರಿದ ಟಾರ್ಪಾಲಿನ ಕೆಳಗೆ ಕೂತ ಮಕ್ಕಳ ಚಿತ್ರ ವಾಟ್ಸಪ್‌ನಲ್ಲಿ ಹೋದರೆ ಹಣ ಬೇಗ ಬರುತ್ತದೆ, ನಿಜ. ಆ ಮಕ್ಕಳು ಮರುದಿನ ಅದೇ ಶಾಲೆಗೆ, ಅದೇ ಧರ್ಮೋಪದೇಶದ ತರಗತಿಗೆ ಹೋಗಬೇಕು. ಕಾಯಿಲೆಯ ಹೆಸರು, ಗಂಡನ ಕುಡಿತ, ಸಾಲದ ಮೊತ್ತ ಇವು ಮನೆ ನೋಡಲು ಹೋದ ವಿನ್ಸೆಂಟ್ ಸಭೆಯವರ ಕಿವಿಗೆ ವಿಶ್ವಾಸದಿಂದ ಬಿದ್ದ ಮಾತುಗಳು. ಗೋಡೆಯ ಚಿತ್ರ, ಮಾಡಿನ ಚಿತ್ರ, ಕೆಲಸ ಮಾಡುವವರ ಚಿತ್ರ ಸಾಕು. ಕುಟುಂಬದವರ ಚಿತ್ರ ಬೇಕಿದ್ದರೆ ಅವರನ್ನು ಕೇಳಿ, ಬೇಡ ಎಂದರೆ ಮನೆ ಸಿಗಲಿಕ್ಕಿಲ್ಲ ಎಂಬ ಅಂಜಿಕೆ ಅವರಿಗೆ ಬಾರದ ಹಾಗೆ ಕೇಳಿ, ತೆಗೆಯಬಹುದು.

ವಿದೇಶದ ಬೆಂಬಲಿಗರಿಗೆ ಮನವಿ ಕಳುಹಿಸುವ ಸಮಿತಿಗಳು ಒಂದು ಕಾನೂನನ್ನು ತಿಳಿದಿರಬೇಕು. ಗಲ್ಫ್‌ನಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಹೊಂದಿರುವ ನಮ್ಮವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣವನ್ನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ. ಆದರೆ ಕೆನಡಾ, ಇಂಗ್ಲೆಂಡ್ ಮುಂತಾದ ದೇಶಗಳ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ಸಂಸ್ಥೆಗೆ ಕೊಡುವ ಹಣ ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ಅನುಮತಿಯಿಲ್ಲದ ಸಮಿತಿ ಅದನ್ನು ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ ಅಂಥ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅಲ್ಲಿಂದ ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಹಾಗಾಗಿ ಮನವಿಯಲ್ಲೇ ಈ ಮಾತನ್ನು ಒಂದು ಸಾಲಿನಲ್ಲಿ ಸೇರಿಸುವುದು ಕ್ಷೇಮ. ಊರಿನ ದಾನಿಗಳಿಗೂ ಒಂದು ಸೂಚನೆ: 2,000 ರೂಪಾಯಿಗಿಂತ ಹೆಚ್ಚಿನ ಹಣವನ್ನು ನಗದಾಗಿ ಕೊಟ್ಟರೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ.

ಕೊನೆಯ ಸುದ್ದಿ ಆಶೀರ್ವಾದದ ದಿನದ್ದಲ್ಲ. ಹೊಸ ಮಾಡು ಸೋರುತ್ತದೋ, ಗೋಡೆ ನೀರು ಹೀರುತ್ತದೋ ಎಂಬುದು ಮೊದಲ ಮಳೆಗಾಲದಲ್ಲೇ ತಿಳಿಯುವುದು. ಮೊಂತಿ ಹಬ್ಬದ ಹೊತ್ತಿಗೆ ಸಮಿತಿಯ ಇಬ್ಬರು ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ನೋಡಿ ಬರಬಹುದು. ಹಂಚು ಬದಲಿಸಲು ಎಷ್ಟಾಯಿತು, ಉಳಿದ ಹಣ ಎಷ್ಟು ಎಂಬ ಲೆಕ್ಕ ಆ ತಿಂಗಳೇ ಫಲಕಕ್ಕೆ ಬಂದರೆ, ಮಳೆ ನಿಂತು ಅಕ್ಟೋಬರಿನಲ್ಲಿ ಮುಂದಿನ ಮನೆಯ ಪಂಚಾಂಗ ತೋಡುವ ಮೊದಲು ದಾನಿಗಳು ಅದನ್ನು ಓದಿರುತ್ತಾರೆ.